ಸೊಪ್ಪು ಇಟ್ಟ ದಾರಿ

ಮಳೆಗಾಲ ಮುಗಿಯುವ ಹೊತ್ತಿಗೆ ಮಳವಳ್ಳಿಯಿಂದ ಬೆಳಕವಾಡಿ ದಾಟಿ ಶಿವನಸಮುದ್ರಕ್ಕೆ ಹೋಗುವ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಎಲ್ಲರೂ ದೊಡ್ಡ ಜಲಪಾತ ನೋಡಲು ಹೊರಟವರು. ಅಲ್ಲಿ ಕಂಬಿ ಹಾಕಿದ್ದಾರೆ, ಕಡ್ಲೆಕಾಯಿ ಮಾರುತ್ತಾರೆ, ಫೋಟೊ ತೆಗೆಸಿಕೊಳ್ಳಲು ಕಟ್ಟೆ ಕಟ್ಟಿದ್ದಾರೆ. ನಾನು ಬರೆಯುತ್ತಿರುವುದು ಅದರ ವಿಚಾರವಲ್ಲ. ಬೆಳಕವಾಡಿಯ ಹತ್ತಿರ ರಸ್ತೆ ಬಿಟ್ಟು, ಗೋಮಾಳ ದಾಟಿ, ಕಲ್ಲುಮುಳ್ಳಿನಲ್ಲಿ ಎರಡು ಗಂಟೆ ನಡೆದರೆ ಒಂದು ಹಳ್ಳ ಬಂಡೆಯ ಮೇಲಿಂದ ಕೆಳಕ್ಕೆ ಬೀಳುತ್ತದೆ. ಅದಕ್ಕೆ ಹೆಸರಿಲ್ಲ. ಕುರಿ ಮೇಯಿಸುವವರು ಬರೀ ದುಮುಕು ಅನ್ನುತ್ತಾರೆ. ಅಲ್ಲಿಗೆ ಬಸ್ಸಿಲ್ಲ, ಬೋರ್ಡಿಲ್ಲ. ಕುರಿಯ ಕಾಲು ಬಿದ್ದು ಆದ ದಾರಿಯಷ್ಟೇ ಇದೆ.

ಆ ದುಮುಕಿನ ಬಗ್ಗೆ ನನಗೆ ಹೇಳಿದವಳು ನನ್ನ ಅಕ್ಕ. ಅವಳು ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಾವಿಬ್ಬರೇ ಮಕ್ಕಳು. ಅಪ್ಪ ಕಬ್ಬು ಕಡಿಯುವ ಗುಂಪಿನ ಜೊತೆ ಹೋಗುತ್ತಿದ್ದ, ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು. ಮನೆಯಲ್ಲಿ ಎಂಟೊಂಬತ್ತು ಬಂಡೂರು ಕುರಿಗಳಿದ್ದವು. ಗಿಡ್ಡ ಕಾಲಿನ, ತುಂಬಿದ ಮೈಯ ಕುರಿಗಳು. ನಿಂತರೆ ಮಣೆ ನಿಂತ ಹಾಗೆ. ಅವುಗಳ ಹಿಂದೆ ಯಾರಾದರೂ ಒಬ್ಬರು ಹೋಗಲೇಬೇಕು. ನಮ್ಮ ಕಡೆ ಆ ಕೆಲಸ ಗಂಡು ಹುಡುಗನದು. ಲೆಕ್ಕದ ಪ್ರಕಾರ ಕುರಿ ಕೋಲು ನನ್ನ ಕೈಗೆ ಬರಬೇಕಿತ್ತು. ಆಗ ನಾನು ಎರಡನೇ ಕ್ಲಾಸು. ಮೇಷ್ಟ್ರು ಒಂದು ದಿನ ನಮ್ಮ ಜಗಲಿಯಲ್ಲಿ ಕೂತು, ಈ ಹುಡುಗನನ್ನು ಸ್ಕೂಲು ಬಿಡಿಸಬೇಡಿ ಎಂದು ಅಪ್ಪನಿಗೆ ಹೇಳಿ ಹೋದರು. ಅಕ್ಕ ಆಗಷ್ಟೇ ಏಳನೇ ಕ್ಲಾಸು ಮುಗಿಸಿದ್ದಳು. ಬಾಗಿಲ ಸಂದಿಯಲ್ಲಿದ್ದ ಕೋಲನ್ನು ಅವಳೇ ತೆಗೆದುಕೊಂಡಳು.

"ಅವ್ನು ಇಸ್ಕೂಲಿಗೋಗ್ಲಿ ಬುಡಪ್ಪ, ಕುರಿ ನಾನ್ ನೋಡ್ಕತೀನಿ. ನಂಗೂ ಆ ಲೆಕ್ಕದ ಮೇಷ್ಟ್ರು ಮಕ ನೋಡಿ ಸಾಕಾಗದೆ" ಅಂದಳಂತೆ.

ಇದನ್ನು ಅವ್ವ ನಗುತ್ತಾ ಹೇಳುತ್ತಿದ್ದಳು. ನಾನೂ ಬಹಳ ವರ್ಷ ನಗುತ್ತಲೇ ಕೇಳಿದೆ.

ಅಕ್ಕ ದಿನವೆಲ್ಲ ಗುಡ್ಡದಲ್ಲಿದ್ದು ಸಂಜೆ ಬಂದು ಒಲೆಯ ಮುಂದೆ ಕೂತರೆ ಅವಳ ಮೈಯಿಂದ ಗುಡ್ಡದ ಬಂದರೆ ಗಿಡದ ಸೊಪ್ಪಿನ ವಾಸನೆ ಬರುತ್ತಿತ್ತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಲು ಅವುಗಳನ್ನು ದುಮುಕಿನ ಕೆಳಗಿನ ಮಡುವಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಅಂಥ ದಿನ ಬಂದಳೆಂದರೆ ಮಾತೇ ನಿಲ್ಲುತ್ತಿರಲಿಲ್ಲ. "ನೀರು ಬೀಳೋ ಸದ್ದಿಗೆ ಕುರಿ ಕಿವಿ ಇಂದಕ್ಕೆ ಮಡಿಚ್ಕತವೆ ಕಣ್ಲಾ. ನೀರಿನ್ ಇಂದ್ಗಡೆ ಒಂದು ಪೊಟರೆ ಅದೆ, ಇಬ್ರು ನಿಂತ್ಕಬೌದು. ಒಳಗಿಂದ ನೋಡುದ್ರೆ ಲೋಕಕ್ಕೇ ಪರದೆ ಬುಟ್ಟಂಗೆ. ನಿನ್ನ ಒಂದಿನ ಕರ್ಕೊಂಡೋಯ್ತೀನಿ."

ಭಾನುವಾರ ಹೋಗೋಣ ಅನ್ನುತ್ತಿದ್ದಳು. ಭಾನುವಾರ ಬಂದರೆ ನನಗೆ ಬಾಯಿಪಾಠ ಇರುತ್ತಿತ್ತು, ಪರೀಕ್ಷೆ ಇರುತ್ತಿತ್ತು, ಇಲ್ಲದಿದ್ದರೆ ಸೋಮಾರಿತನ ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದು ಕೊನೆಗೆ ಮಾತಾಯಿತು. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಅವಳಿಗೆ ಮದುವೆಯಾಯಿತು. ಬಂಡೂರಿನ ಪಕ್ಕದ ಊರಿಗೆ ಕೊಟ್ಟರು. ಅಲ್ಲೂ ಕುರಿ ಇದ್ದವು, ಗುಡ್ಡ ಮಾತ್ರ ಬೇರೆ. ದುಮುಕಿನ ಕಡೆ ಅವಳು ಮತ್ತೆ ಹೋಗಲಿಲ್ಲ. ನಾನಂತೂ ಹೋಗಿರಲೇ ಇಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಪುಕ್ಕಟೆ ಬಂದದ್ದಲ್ಲ. ಮೂರು ವರ್ಷ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಭಾರತೀನಗರಕ್ಕೆ ಹೋಗಿದ್ದೇನೆ. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತ ದಿನ ಬಸ್ಸಿಳಿದು ನಡೆದು ಪರೀಕ್ಷೆಗೆ ಹೊತ್ತು ಮೀರಿ ನುಗ್ಗಿದ್ದೇನೆ. ಇನ್ನೊಬ್ಬರ ನೋಟ್ಸು ಕೇಳಿ ಪಡೆದು ರಾತ್ರಿಗೇ ಬರೆದು ಬೆಳಿಗ್ಗೆ ವಾಪಸ್ಸು ಕೊಟ್ಟಿದ್ದೇನೆ. ಮೈಸೂರಿನಲ್ಲಿ ಎಂ.ಎ. ಮಾಡಿ, ಈಗ ಅದೇ ಭಾರತೀನಗರದ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುತ್ತೇನೆ. ನಕ್ಷೆಯಲ್ಲಿ ಗುಡ್ಡ ಎಲ್ಲಿ ಏರುತ್ತದೆ, ಹಳ್ಳ ಎಲ್ಲಿ ಇಳಿಯುತ್ತದೆ ಎಂದು ಗೆರೆ ನೋಡಿ ಹೇಳುವುದನ್ನು ಮಕ್ಕಳಿಗೆ ಕಲಿಸುವುದು ನನ್ನ ಕೆಲಸ.

ಎರಡು ವರ್ಷದ ಹಿಂದೆ ಮಳೆ ಚೆನ್ನಾಗಿ ಆಗಿತ್ತು. ಸ್ಟಾಫ್ ರೂಮಿನಲ್ಲಿ ಜಲಪಾತಗಳ ಮಾತು ಬಂತು. ಇಂಗ್ಲಿಷ್ ಹೇಳಿಕೊಡುವ ಮೇಡಂ ಒಬ್ಬರಿದ್ದಾರೆ, ಮೈಸೂರಿನವರು, ಮನೆಯಲ್ಲಿ ಮೂರು ತಲೆಮಾರಿನಿಂದ ಎಲ್ಲರೂ ಓದಿದವರೇ. ಅವರು ಊರೂರು ಸುತ್ತಿ ನೋಡಿದ ಜಲಪಾತಗಳ ಹೆಸರು ಹೇಳುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. ನಮ್ಮೂರ ಕಡೆ ಒಂದಿದೆ, ಯಾರಿಗೂ ಗೊತ್ತಿಲ್ಲ, ನೀರಿನ ಹಿಂದೆ ನಿಲ್ಲುವಷ್ಟು ಜಾಗವಿದೆ ಅಂದೆ. "ನೀವು ಹೋಗಿದ್ದೀರಾ?" ಎಂದು ಕೇಳಿದರು.

"ಹೋಗುವುದೇನು ಮೇಡಂ, ಅಲ್ಲೇ ಈಜು ಕಲಿತದ್ದು" ಅಂದೆ.

ಇದು ಸುಳ್ಳು. ನನಗೆ ಇವತ್ತಿಗೂ ಈಜು ಬರುವುದಿಲ್ಲ. ಅಕ್ಕ ಒಲೆಯ ಮುಂದೆ ಹೇಳಿದ ಮಾತುಗಳನ್ನೆಲ್ಲ ನನ್ನವೆಂದು ಹೇಳಿದೆ. ನಮ್ಮ ದೈಹಿಕ ಶಿಕ್ಷಣದ ಸಾರ್ ಕೂಡ ಅಲ್ಲೇ ಇದ್ದರು. ಅವರು ಮಂಡ್ಯದವರು, ಗಟ್ಟಿ ಆಳು, ಹತ್ತುವುದು ಇಳಿಯುವುದು ಅಂದರೆ ಮುಂದೆ. ಬರುವ ಭಾನುವಾರವೇ ಹೋಗೋಣ ಅಂದುಬಿಟ್ಟರು. ಇನ್ನು ನನಗೆ ದಾರಿ ಬೇಕಾಯಿತು. ಅಕ್ಕನಿಗೆ ಫೋನು ಮಾಡಿದೆ.

"ಎತ್ಲಾಗಿಂದ ಓಗ್ಬೇಕು ಅಂತ ಒಸಿ ಹೇಳಕ್ಕ, ಬರ್ಕೋತೀನಿ" ಅಂದೆ.

"ಬರ್ಕಳಾದಾ? ಅದೇನು ಬಸ್ಸಿನ್ ದಾರಿನ್ಲಾ, ಸ್ಟಾಪಿನ್ ಹೆಸ್ರು ಹೇಳಕೆ? ಬಾಯಲ್ಲಿ ಹೇಳಕಾಗಲ್ಲ, ಕಾಲಲ್ಲಿ ತೋರಿಸ್ಬೇಕು. ನಾನೂ ಬತ್ತೀನಿ."

"ಬ್ಯಾಡ ಕಣಕ್ಕ, ಮಂಡಿ ನೋವು ಅಂತಿದ್ದೆ. ಕಾಲೇಜಿನೋರೆಲ್ಲ ಬತ್ತಾವ್ರೆ."

"ಬರ್ಲೇಳು. ನಾನೇನ್ ಅವರ್ನ ಕಚ್ಚೀನಾ?" ಅಂದಳು. ಆಮೇಲೆ, "ಇಪ್ಪತ್ತೈದು ವರ್ಸಾತು ಕಣ್ಲಾ ಅಲ್ಲಿಗೋಗಿ. ನಿನ್ನ ಕರ್ಕೊಂಡೋಯ್ತೀನಿ ಅಂದಿದ್ದೆ, ಆಗ್ನೇ ಇಲ್ಲ" ಅಂದಳು.

ಆ ಮಾತಿಗೆ ಇಲ್ಲ ಅನ್ನಲು ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಬೆಳಕವಾಡಿಯ ಬಸ್ ನಿಲ್ದಾಣದಲ್ಲಿ ನಮಗಿಂತ ಮುಂಚೆ ಬಂದು ನಿಂತಿದ್ದಳು. ನನ್ನ ಗೃಹಪ್ರವೇಶಕ್ಕೆ ನಾನು ಉಡಿಸಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಕಾಲಲ್ಲಿ ಹವಾಯಿ ಚಪ್ಪಲಿ, ತಲೆಯಲ್ಲಿ ಕನಕಾಂಬರ, ಕೈಯಲ್ಲಿ ರೊಟ್ಟಿ ಕಟ್ಟಿದ ಚೀಲ. ಕಲ್ಲುಮುಳ್ಳು ಹತ್ತುವುದಕ್ಕೆ ರೇಷ್ಮೆ ಸೀರೆ. ಲೆಕ್ಚರರ್‌ಗಳ ಜೊತೆ ಹೋಗುತ್ತಿದ್ದೇನೆ, ತಮ್ಮನ ಮರ್ಯಾದೆ ಎಂದು ಉಟ್ಟದ್ದು ಅಂತ ಈಗ ತಿಳಿಯುತ್ತದೆ. ಆಗ ನನಗೆ ಕಂಡದ್ದು ಮೇಡಂ ಅವಳ ಸೀರೆಯನ್ನೂ ಚಪ್ಪಲಿಯನ್ನೂ ನೋಡಿದ್ದು ಮಾತ್ರ.

"ನಮ್ಮಕ್ಕ" ಎಂದು ಪರಿಚಯ ಮಾಡಿಕೊಟ್ಟೆ. ಅಷ್ಟು ಮಟ್ಟಿಗೆ ನಾನು ಸರಿಯಾಗಿಯೇ ನಡೆದುಕೊಂಡೆ.

ಗೋಮಾಳದವರೆಗೆ ಮೇಡಂ ಅವರ ಕಾರು ಹೋಯಿತು. ಅಲ್ಲಿಂದ ನಡಿಗೆ. ಮೊದಲ ಅರ್ಧ ಗಂಟೆ ಅಕ್ಕ ಮುಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೋಲು ಮುರಿದುಕೊಂಡು, ಕಾರೆಮುಳ್ಳಿನ ನಡುವೆ ನುಸುಳಿ ಹೋಗುತ್ತಿದ್ದಳು. ನಾವು ಶೂ ಹಾಕಿಕೊಂಡವರು ಜಾರುತ್ತಿದ್ದೆವು, ಅವಳು ಜಾರಲಿಲ್ಲ. ಮಾತು ಬೇರೆ. ಮೇಡಂ ಕೇಳುತ್ತಾ ಹೋದರು, ಅವಳು ಹೇಳುತ್ತಾ ಹೋದಳು. ಯಾವ ಹಣ್ಣು ತಿನ್ನಬಹುದು, ಯಾವ ಸೊಪ್ಪು ಕುರಿಗೆ ಆಗದು, ಹಾವು ಎಲ್ಲಿ ಮಲಗುತ್ತದೆ. ಮೇಡಂ ಅವಳ ಹಿಂದೆಯೇ ಅಂಟಿಕೊಂಡು ನಡೆದರು. ನನ್ನ ಪಾಠವನ್ನು ಯಾರೂ ಅಷ್ಟು ಆಸೆಯಿಂದ ಕೇಳಿದ್ದಿಲ್ಲ.

ಒಂದು ದೊಡ್ಡ ಬಂಡೆಯ ನೆರಳಲ್ಲಿ ನೀರು ಕುಡಿಯಲು ನಿಂತೆವು. ಮೇಡಂ ನನ್ನ ಕಡೆ ತಿರುಗಿ, "ನೀವು ಈ ದಾರೀಲೇ ಬರ್ತಿದ್ರಾ ಸಾರ್ ಈಜೋಕೆ?" ಅಂದರು.

ನಾನು ಬಾಯಿ ತೆರೆಯುವ ಮುಂಚೆ ಅಕ್ಕ ನಕ್ಕಳು. "ಇವ್ನಾ? ಈಜಾದಾ? ಮೊಣಕಾಲ್ ಮಟ್ಟ ನೀರಿಗೆ ಇಳ್ಸುದ್ರೆ ಅವ್ವೋ ಅಂತಿದ್ದ ಕಣ್ ಮೇಡಮ್ಮೋರೆ. ಇಲ್ಲಿಗೆ ಒಂದ್ಸಲಾನೂ ಬಂದಿಲ್ಲ. ನಮ್ಮನೆ ಟಗರು ಗುಟುರು ಹಾಕುದ್ರೆ ಚಡ್ಡಿಲೇ ಉಚ್ಚೆ ಉಯ್ಕತಿದ್ದ. ಅಲ್ವೇನ್ಲಾ ಲೇ?"

ದೈಹಿಕ ಶಿಕ್ಷಣದ ಸಾರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗಲಿಲ್ಲ. ನನ್ನ ಮುಖ ನೋಡಿ, ನೋಡದ ಹಾಗೆ ಬಾಟಲಿಯ ಮುಚ್ಚಳ ತಿರುಗಿಸಿದರು. ನನಗೆ ಅದೇ ಹೆಚ್ಚು ಉರಿಯಿತು.

"ಸಾಕು ಸುಮ್ನಿರಕ್ಕ. ಎಲ್ಲಿ ಏನು ಮಾತಾಡ್ಬೇಕು ಅಂತ ಗೊತ್ತಿಲ್ವಾ ನಿಂಗೆ? ಲೇ ಗೀ ಅಂತ" ಅಂದೆ. ಗದರಿಯೇ ಅಂದೆ.

ಅವಳ ನಗು ಅಲ್ಲಿಗೇ ನಿಂತಿತು. "ಆಯ್ತು ಬುಡು" ಅಂದು ಕೋಲು ತೆಗೆದುಕೊಂಡು ಎದ್ದಳು. ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ. ಮೇಡಂ ಒಂದು ಹೂವು ತೋರಿಸಿ ಇದೇನು ಎಂದು ಕೇಳಿದಾಗಲೂ, "ಯಾವ್ದೋ ಕಾಡು ಹೂವು ಮೇಡಮ್ಮೋರೆ" ಎಂದಷ್ಟೇ ಹೇಳಿದಳು. ಅವಳಿಗೆ ಅದರ ಹೆಸರು ಗೊತ್ತಿತ್ತು ಎಂದು ನಾನು ಪ್ರಮಾಣ ಮಾಡಬಲ್ಲೆ.

ಇಳಿಜಾರು ಶುರುವಾಯಿತು. ಅಲ್ಲಿ ಅವಳ ಮಂಡಿ ಕೈಕೊಟ್ಟಿತು. ಹತ್ತುವಾಗ ಏನೂ ಅಂದಿರಲಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಒಂದು ಕೈ ಬಂಡೆಗೆ ಕೊಡಬೇಕಾಯಿತು. ದಾರಿಯೂ ಅವಳು ಕಂಡ ದಾರಿಯಾಗಿ ಉಳಿದಿರಲಿಲ್ಲ. ಎಲ್ಲೆಲ್ಲೂ ಲಂಟಾನ ತುಂಬಿಕೊಂಡು ಹಳೆಯ ಗುರುತುಗಳು ಮುಚ್ಚಿಹೋಗಿದ್ದವು. ಮೇಲಿನ ಗುಡ್ಡದಲ್ಲಿ ಯಾರೋ ಕಲ್ಲು ತೆಗೆದು ಬಿಟ್ಟುಹೋಗಿದ್ದರಿಂದ ಹೊಸ ಕಾಲುದಾರಿಗಳು ಹುಟ್ಟಿದ್ದವು. ನೀರಿನ ಸದ್ದು ಕೇಳುತ್ತಿತ್ತು, ಆದರೆ ಎರಡೂ ಕಡೆಯ ಬಂಡೆಗೆ ಬಡಿದು ಯಾವ ಕಡೆಯಿಂದ ಎಂದು ತಿಳಿಯುತ್ತಿರಲಿಲ್ಲ. ಅಕ್ಕ ಒಂದು ಕಲ್ಲಿನ ಮೇಲೆ ಕೂತಳು.

"ನೀವು ನಡೀರಿ, ಬಿಸ್ಲು ಏರ್ತದೆ. ನಾನು ಒಸಿ ಮಂಡಿ ನೀವ್ಕೊಂಡು ನಿಧಾನಕ್ಕೆ ಬತ್ತೀನಿ. ಕವಲು ಬಂದ್ರೆ ಸೊಪ್ಪು ಮಡಗ್ಬುಟ್ಟು ಓಗು" ಅಂದಳು. ರೊಟ್ಟಿಯ ಚೀಲವನ್ನೂ ನನ್ನ ಕೈಗೆ ಕೊಟ್ಟಳು.

ಮೇಡಂ, "ನಾನು ಇವರ ಜೊತೆ ಇರ್ತೀನಿ" ಅಂದರು. ಅಕ್ಕ ಬೇಡವೆಂದಳು. ಇರಬೇಕಾದವನು ನಾನು. ಅದು ನನಗೆ ಅಲ್ಲೇ, ಆ ಕ್ಷಣವೇ ಗೊತ್ತಿತ್ತು. ಆದರೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಟ್ಟು ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಒಂದು ಅರ್ಧ ಗಂಟೆ ಅವಳ ಬಾಯಿಂದ ದೂರವಿದ್ದರೆ ಸಾಕು ಅನ್ನಿಸಿತ್ತು. ದುಮುಕಿನ ಮುಂದೆ ನಾನು ಮೊದಲು ನಿಂತು, ಇವರಿಗೆ ಅದನ್ನು ನಾನೇ ತೋರಿಸಬೇಕು ಅನ್ನಿಸಿತ್ತು.

"ಸೊಪ್ಪು ಇಟ್ಟಿರ್ತೀನಿ, ಬಾ" ಎಂದು ಹೇಳಿ ಹೊರಟೆ.

ಕಾಲು ಗಂಟೆ ಇಳಿದ ಮೇಲೆ ದಾರಿ ಎರಡಾಯಿತು. ಒಂದು ಎಡಕ್ಕೆ, ಮತ್ತೆ ಮೇಲಕ್ಕೆ ಏರುವಂಥದ್ದು. ಇನ್ನೊಂದು ಬಲಕ್ಕೆ, ಲಂಟಾನದ ಕೆಳಗೆ ಬಗ್ಗಿ ಹೋಗುವಂಥದ್ದು. ದೈಹಿಕ ಶಿಕ್ಷಣದ ಸಾರ್ ಬಲಕ್ಕೆ ನುಗ್ಗಿ ನೋಡಿ ಬಂದು, ನೀರು ಕಾಣುತ್ತದೆ ಅಂದರು. ನಾನು ಒಂದು ಬಂದರೆ ಗಿಡದ ಕೊಂಬೆ ಮುರಿದೆ. ಬಲಗಡೆಯ ದಾರಿಯ ಮೇಲೆ ಅಡ್ಡಕ್ಕೆ ಇಟ್ಟೆ. ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿದೆ. ಇತ್ತ ಬಾ ಎಂದು ಅಕ್ಕನಿಗೆ ಚೆನ್ನಾಗಿ ಕಾಣುತ್ತದೆ ಎಂದು ಸಮಾಧಾನವಾಯಿತು.

ಈಗ ಹೇಳುತ್ತೇನೆ. ನಮ್ಮ ಕಡೆ ಕುರಿಯವರು ಕವಲಿನಲ್ಲಿ ಸೊಪ್ಪು ಇಡುವುದು ಹೋಗಬಾರದ ದಾರಿಗೆ. ಮುಂದೆ ಹೋದವನು ಹಿಂದೆ ಬರುವವನಿಗೆ, ಈ ದಾರಿ ಮುಚ್ಚಿದೆ, ಇನ್ನೊಂದರಲ್ಲಿ ಬಾ ಎಂದು ಹೇಳುವ ಬಗೆ ಅದು. ಇಟ್ಟ ಸೊಪ್ಪನ್ನು ದಾಟಿ ಯಾರೂ ಹೋಗುವುದಿಲ್ಲ, ದಾಟಿದರೆ ಇಟ್ಟವನ ಮಾತು ಮುರಿದ ಹಾಗೆ. ಕುರಿಯ ಹಿಂದೆ ಒಂದು ತಿಂಗಳು ನಡೆದ ಏಳು ವರ್ಷದ ಮಗುವಿಗೂ ಇದು ಗೊತ್ತಿರುತ್ತದೆ. ನಾನು ಒಂದು ದಿನವೂ ನಡೆದವನಲ್ಲ. ನನ್ನ ಬದಲು ಅವಳು ನಡೆದಿದ್ದಳು.

ದುಮುಕು ಅವಳು ಹೇಳಿದ ಹಾಗೆಯೇ ಇತ್ತು. ಕಪ್ಪು ಬಂಡೆಯ ಮೇಲಿಂದ ನೀರು ಒಂದೇ ಹಾಳೆಯಾಗಿ ಬಂದು, ಅರ್ಧದಲ್ಲಿ ಮುಂದಕ್ಕೆ ಚಾಚಿದ ಒಂದು ಕಲ್ಲಿಗೆ ಬಡಿದು, ಎರಡಾಗಿ ಮಡುವಿಗೆ ಬೀಳುತ್ತಿತ್ತು. ಮಡುವಿನ ಸುತ್ತ ಪಾಚಿ ಕಟ್ಟಿದ ಕಲ್ಲು. ತಂಪು ಗಾಳಿಯೊಂದು ನೀರಿನೊಳಗಿಂದಲೇ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಮೇಡಂ ಶೂ ಬಿಚ್ಚಿ ಮಡುವಿಗೆ ಕಾಲು ಇಳಿಬಿಟ್ಟು ಕೂತರು. ಆಮೇಲೆ, "ಇಷ್ಟು ಹತ್ತಿರದಲ್ಲಿ ಇದ್ದು ಬಂದೇ ಇಲ್ಲವಲ್ಲ ಸಾರ್ ನೀವು" ಅಂದರು. ಮೂದಲಿಕೆ ಇರಲಿಲ್ಲ ಅದರಲ್ಲಿ.

ಬಂಡೆಗೆ ಬೆನ್ನು ಕೊಟ್ಟು, ಕಾಲು ಜರುಗಿಸುತ್ತಾ ನೀರಿನ ಹಿಂದಕ್ಕೆ ಹೋದೆ. ಪೊಟರೆ ಅಲ್ಲೇ ಇತ್ತು. ಇಬ್ಬರು ನಿಲ್ಲುವಷ್ಟು. ನೀರಿನ ಆಚೆ ಮರ, ಆಕಾಶ, ಮೇಡಂ ಅವರ ಕೆಂಪು ಟೋಪಿ ಎಲ್ಲ ಕದಡಿ ಕಾಣುತ್ತಿತ್ತು. ಬಹಳ ಸಂತೋಷವಾಯಿತು. ಕೂಗಿದೆ ಕೂಡ. ದೈಹಿಕ ಶಿಕ್ಷಣದ ಸಾರ್ ಎದುರಿಂದ ತಿರುಗಿ ಕೂಗಿದರು. ಮೂವರೂ ನಕ್ಕೆವು. ನಮ್ಮ ಕೂಗೂ ನಗುವೂ ಮೇಲಿನ ತನಕ ಕೇಳಿಸುತ್ತದೆ ಎಂಬ ಯೋಚನೆ ಬರಲಿಲ್ಲ.

ಫೋಟೊ ತೆಗೆದೆವು. ಹಸಿವಾಯಿತು. ಅಕ್ಕ ಬರಲಿ ಎಂದು ಸ್ವಲ್ಪ ಕಾದು, ಆಮೇಲೆ ಅವಳ ಪಾಲು ಎತ್ತಿಟ್ಟು ರೊಟ್ಟಿ ಬಿಚ್ಚಿದೆವು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಎಲೆಯಲ್ಲಿ ಕಟ್ಟಿದ ಬೆಣ್ಣೆ. ಮೇಡಂ ಎರಡು ಸಲ "ನಿಮ್ಮಕ್ಕ ಇನ್ನೂ ಬರಲಿಲ್ಲ" ಅಂದರು. ಎರಡು ಸಲವೂ ನಾನು, ಮಂಡಿ ನೋವಲ್ಲವಾ, ಕೂತಿರುತ್ತಾಳೆ ಅಂದೆ. ಮೂರನೇ ಸಲ ಅವರು ಬ್ಯಾಗು ಹೆಗಲಿಗೆ ಹಾಕಿ ಎದ್ದು ನಿಂತರು. ನಾವು ಅಲ್ಲಿ ಒಂದೂವರೆ ಗಂಟೆ ಕಳೆದಿದ್ದೆವು.

ಕವಲಿಗೆ ಹತ್ತಿ ಬಂದಾಗ ಸೊಪ್ಪು ಇಟ್ಟ ಹಾಗೆಯೇ ಇತ್ತು, ಬಿಸಿಲಿಗೆ ಬಾಡಿತ್ತು. ಅಕ್ಕ ಇರಲಿಲ್ಲ. ಅವಳು ಕೂತಿದ್ದ ಕಲ್ಲಿನ ಹತ್ತಿರವೂ ಇರಲಿಲ್ಲ. ಕೂಗಿದೆ. ಬಂಡೆಗಳು ನನ್ನ ದನಿಯನ್ನೇ ವಾಪಸ್ಸು ಕೊಟ್ಟವು. ಫೋನಿಗೆ ಸಿಗ್ನಲ್ ಇಲ್ಲ. ದೈಹಿಕ ಶಿಕ್ಷಣದ ಸಾರ್ ಎಡಗಡೆಯ ದಾರಿ ಹಿಡಿದು ಓಡಿದರು. ಅದು ಮುಳ್ಳಿನಲ್ಲಿ ಮೇಲೇರಿ, ಕಲ್ಲು ತೆಗೆದ ಗುಂಡಿಯ ಅಂಚಿನಲ್ಲಿ ಕೊನೆಯಾಗುತ್ತದಂತೆ. ಅವರು ಬಂದು ನನ್ನ ಕೈಗೆ ಒಂದು ಚೂರು ಹಸಿರು ನೂಲು ಕೊಟ್ಟರು. ಕಾರೆಮುಳ್ಳಿಗೆ ಸಿಕ್ಕಿಕೊಂಡಿತ್ತು. ರೇಷ್ಮೆ. ಗುಂಡಿಯೊಳಗೆ ಇಣುಕಿ ನೋಡಿದಿರಾ ಎಂದು ಕೇಳಲಾರದೆ ಆ ನೂಲನ್ನೇ ಬೆರಳಿಗೆ ಸುತ್ತಿದೆ. ಅವರೇ, "ನೋಡಿದೆ ಸಾರ್, ಯಾರೂ ಇಲ್ಲ" ಅಂದರು.

ಗೋಮಾಳ ಮುಟ್ಟುವವರೆಗೆ ನಾನು ಏನು ಯೋಚಿಸಿದೆನೋ ಬರೆಯಲಾರೆ. ಅಲ್ಲೊಬ್ಬ ಮುದುಕ ಕುರಿ ಬಿಟ್ಟುಕೊಂಡು ಮರದಡಿ ಕೂತಿದ್ದ. ಹಸಿರು ಸೀರೆಯವರನ್ನು ಕಂಡೆಯಾ ಅಂದೆ.

"ಆಯಮ್ಮ ಆಗ್ಲೇ ಓಯ್ತು. ಕುಂಟ್ಕೊಂಡು ಓಯ್ತು. ನೀರ್ ಕೊಟ್ಟೆ, ಕುಡೀತು" ಅಂದ. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ನೀವೇನಾ ಅವ್ರ ತಮ್ಮ? ಅಲ್ಲ ಸೋಮಿ, ಒಬ್ಬಳ್ನೇ ಬುಟ್ಟು ಓಗಾದಾ?" ಅಂದ.

ಅವಳು ಬೆಳಕವಾಡಿಯ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಸೀರೆಯ ಅಂಚು ಮೂರು ಕಡೆ ಹರಿದಿತ್ತು. ಬಲಗಾಲು ಚಾಚಿ, ಮಂಡಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಕಾರಿನಿಂದ ಇಳಿದು ಓಡಿದೆ. ಭಯ ಎಲ್ಲ ಒಂದೇ ಸಲ ಸಿಟ್ಟಾಯಿತು.

"ಹೇಳ್ದೆ ಕೇಳ್ದೆ ಬಂದ್ಬುಡಾದಾ? ಎಲ್ಲೆಲ್ಲಿ ಹುಡ್ಕೋದು ನಿನ್ನ?"

"ಹುಡುಕ್ದ್ರಾ?" ಅಂದಳು. ಅಷ್ಟೇ. ಆಮೇಲೆ ಬಹಳ ಮೆಲ್ಲಗೆ, ಮೇಡಂ ಅವರಿಗೆ ಕೇಳಿಸದ ಹಾಗೆ, "ಸೊಪ್ಪು ಮಡಗಿದ್ಯಲ್ಲಪ್ಪ" ಅಂದಳು.

"ಹೂಂ, ಮಡಗಿದ್ದೆ. ಮತ್ಯಾಕೆ ಬರ್ನಿಲ್ಲ?"

ಅವಳು ನನ್ನನ್ನು ನೋಡಿದಳು. ಆಮೇಲೆ ನಡೆದದ್ದನ್ನು ಅಲ್ಲಿ ಸ್ವಲ್ಪ, ಕಾರಿನಲ್ಲಿ ಸ್ವಲ್ಪ ಹೇಳಿದಳು. ಕವಲಿಗೆ ಬಂದು ಸೊಪ್ಪು ನೋಡಿ, ಬಲದ ದಾರಿ ಮುಚ್ಚಿದೆ ಎಂದು ಎಡಕ್ಕೆ ಹತ್ತಿದ್ದಾಳೆ. ಆ ಮಂಡಿಯಲ್ಲಿ, ಆ ಮುಳ್ಳಿನಲ್ಲಿ, ಗುಂಡಿಯ ತನಕ. ಅಲ್ಲಿ ದಾರಿ ಇಲ್ಲ. ಕೂತು ಕೂತು ಇಳಿದು ಮತ್ತೆ ಕವಲಿಗೆ ಬಂದಿದ್ದಾಳೆ. ಆಗ ಕೆಳಗಿನಿಂದ, ಸೊಪ್ಪು ಇಟ್ಟ ದಾರಿಯ ಕಡೆಯಿಂದ, ನಾವು ಕೂಗುವುದು ನಗುವುದು ಕೇಳಿಸಿದೆ.

"ಆಗ ಅರ್ಥಾತು. ಬರ್ಬ್ಯಾಡ ಅಂತ ಮಡಗವ್ನೆ ಅಂತ" ಅಂದಳು. "ಸರಿ ಬುಡು ಅಂತ ಬಂದೆ. ದಾಟ್ಕೊಂಡು ಬಂದ್ಬುಡಕಾಯ್ತದಾ?"

ನಾನು ವಿವರಿಸಿದೆ. ಇತ್ತ ಬಾ ಎಂದು ಗುರುತಿಗೆ ಇಟ್ಟದ್ದು, ನನಗೆ ಆ ಪದ್ಧತಿ ಗೊತ್ತಿರಲಿಲ್ಲ, ತಿಳಿಯದೆ ಆದದ್ದು ಅಂದೆ. ಮೂರು ನಾಲ್ಕು ಸಲ, ಬೇರೆ ಬೇರೆ ರೀತಿಯಲ್ಲಿ, ಪಾಠ ಹೇಳಿದ ಹಾಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತಾ ಕೇಳಿದಳು.

"ನಮ್ಮನೇಲಿ ಉಟ್ಟಿ ಅದು ಗೊತ್ತಿಲ್ಲ ಅಂದ್ರೆ ಯಾರ್ ನಂಬ್ತಾರೆ?" ಅಂದಳು. "ಇಷ್ಟು ಓದಿದ್ದೀಯ."

ಅವಳಿಗೆ ನಂಬಲು ಆಗಲಿಲ್ಲ. ಪ್ರಪಂಚದ ವಿಷಯವೆಲ್ಲ ತಿಳಿದ ತಮ್ಮನಿಗೆ ಸೊಪ್ಪಿನ ವಿಷಯ ತಿಳಿಯದು ಎಂದು ನಂಬುವುದಕ್ಕಿಂತ, ತಮ್ಮ ತನ್ನನ್ನು ಬೇಡವೆಂದ ಎಂದು ನಂಬುವುದು ಅವಳಿಗೆ ಸುಲಭವಾಗಿತ್ತು. ಬಂಡೆಯ ನೆರಳಲ್ಲಿ ನಾನು ಗದರಿದ್ದು ಅವಳಿಗೆ ಸಾಕ್ಷಿಯಾಗಿತ್ತು. ನನ್ನ ದನಿಯಲ್ಲಿ ಏನು ಕೇಳಿಸಿತೋ ಅದೂ ಸಾಕ್ಷಿಯಾಗಿದ್ದಿರಬೇಕು. ಯಾಕೆಂದರೆ ಸೊಪ್ಪಿನ ಮಟ್ಟಿಗೆ ನಾನು ನಿಜ ಹೇಳುತ್ತಿದ್ದರೂ, ಒಳಗೆ ಅವಳ ಅನುಮಾನ ಪೂರ್ತಿ ಸುಳ್ಳಲ್ಲ ಎಂದು ನನಗೇ ಗೊತ್ತಿತ್ತು.

ಅವಳನ್ನು ಮನೆಗೆ ಬಿಟ್ಟೆವು. ಕಾರಿನಿಂದ ಇಳಿಯುವಾಗ, "ರೊಟ್ಟಿ ತಿಂದ್ರಾ ಮೇಡಮ್ಮೋರೆ? ಚಟ್ನಿ ಖಾರ ಆಗಿತ್ತೇನೋ" ಅಂದಳು. ಮೇಡಂ ಅವಳ ಕೈ ಹಿಡಿದುಕೊಂಡರು. ಆಮೇಲೆ ಅವಳು ನನ್ನ ಕಡೆ ತಿರುಗದೆ ಕುಂಟುತ್ತಾ ಒಳಗೆ ಹೋದಳು.

ಅದಾದ ಮೇಲೆ ಅವಳ ಮಂಡಿ ಸರಿಹೋಗಲಿಲ್ಲ. ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಿದೆ. ಸವೆದಿದೆ, ಹತ್ತುವುದು ಇಳಿಯುವುದು ಇನ್ನು ಬೇಡ ಅಂದರು. ಆ ದಿನ ಎಡದ ದಾರಿ ಹತ್ತಿದ್ದರಿಂದ ಆಯಿತಾ ಎಂದು ಕೇಳಿದೆ. ಒಂದು ದಿನದಲ್ಲಿ ಆಗುವಂಥದ್ದಲ್ಲ, ವರ್ಷಗಟ್ಟಲೆ ಗುಡ್ಡ ಹತ್ತಿ ಇಳಿದವರಿಗೆ ಬರುತ್ತದೆ ಅಂದರು. ಸಮಾಧಾನ ಮಾಡಲು ಹೇಳಿದ್ದು. ನನಗೆ ಸಮಾಧಾನವಾಗಲಿಲ್ಲ.

ಅವಳು ಮಾತು ಬಿಡಲಿಲ್ಲ. ಜಗಳವೂ ಆಡಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ನನ್ನ ಮಕ್ಕಳಿಗೆ ಎಣ್ಣೆ ಹಚ್ಚುತ್ತಾಳೆ. ಆದರೆ ನಾಲ್ಕು ಜನರ ಮುಂದೆ ನನ್ನನ್ನು "ಬನ್ನಿ, ಕೂತ್ಕಳಿ" ಅನ್ನತೊಡಗಿದ್ದಾಳೆ. ಕಳೆದ ವರ್ಷ ಸಂಬಂಧಿಕರ ಮದುವೆಯಲ್ಲಿ ಯಾರಿಗೋ, "ನಮ್ಮ ತಮ್ಮೋರು, ಕಾಲೇಜಲ್ಲವ್ರೆ" ಎಂದು ಪರಿಚಯ ಮಾಡಿಕೊಟ್ಟಳು. ಪಕ್ಕದಲ್ಲಿದ್ದವರು ಎಷ್ಟು ಗೌರವ ನೋಡು ಅಂದರು.

ಈ ವರ್ಷ ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಒಬ್ಬನೇ ಅವಳ ಮನೆಗೆ ಹೋದೆ. ಭಾವ ಹೊಲಕ್ಕೆ ಹೋಗಿದ್ದರು. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊರದ ಇನ್ನೊಂದು ಪಕ್ಕ ಕೂತು ನಾನೂ ಸುಲಿಯತೊಡಗಿದೆ. ಸುಮಾರು ಹೊತ್ತು ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿಯೇಬಿಟ್ಟೆ.

"ಅವತ್ತು ಸೊಪ್ಪು ನಾನು ಬೇಕೂಂತ ಇಟ್ಟಿದ್ದಲ್ಲ ಕಣಕ್ಕ. ಈಗ್ಲಾದ್ರೂ ನಂಬ್ತೀಯಾ?"

ಅವಳು ಕೈ ನಿಲ್ಲಿಸಲಿಲ್ಲ. "ನಂಬ್ತೀನಿ ಬುಡು. ಆಮೇಲಾಮೇಲೆ ನಂಗೇ ಒಳೀತು. ನೀನು ಯಾವಾಗ ಕುರಿ ಇಂದೆ ಓಗಿದ್ದೆ, ನಿಂಗೆ ಗೊತ್ತಿರಕೆ? ನಾನೇ ಬುಡ್ನಿಲ್ವಲ್ಲ ನಿನ್ನ."

ನನಗೆ ಎದೆ ಹಗುರಾಯಿತು. ಒಂದು ನಿಮಿಷ ಮಾತ್ರ.

"ಸೊಪ್ಪು ಎತ್ಲಾಗಾರ ಇರ್ಲಿ" ಅಂದಳು. "ನೀನು ಕಾಯ್ನಿಲ್ಲ ನನ್ನ. ಆ ಮೇಡಮ್ಮೋರು ಇರ್ತೀನಿ ಅಂದ್ರು, ನೀನು ಅನ್ನಿಲ್ಲ. ಒಂದು ಮಾತ್ಗಾರ ಅಂದಿದ್ರೆ ನಾನೇ ಬ್ಯಾಡ ಓಗು ಅಂತಿದ್ದೆ. ಅದು ನಿಜ ತಾನೆ?"

ಇದಕ್ಕೆ ನನ್ನ ಬಳಿ ಎಷ್ಟೋ ಮಾತುಗಳಿದ್ದವು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ.

"ನಿಜ ಕಣಕ್ಕ" ಅಂದೆ.

ಅವಳು ತಲೆಯಾಡಿಸಿದಳು. ಮೊರದಲ್ಲಿದ್ದ ಕಾಳನ್ನು ಅಂಗೈಯಿಂದ ಹರಡಿ, ಹುಳ ಬಿದ್ದದ್ದನ್ನು ಆರಿಸಿ ಅಂಗಳಕ್ಕೆ ಎಸೆದಳು. ಕೋಳಿಗಳು ಓಡಿ ಬಂದವು. "ನಿಂದ್ರಲ್ಲಿ ಬಲೀದೆ ಇರೋ ಕಾಯಿನೂ ಸುಲ್ದಿದ್ದೀಯ" ಅಂದು ನನ್ನ ಕಡೆಯದನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು, ಮೊದಲಿಂದ ಆರಿಸತೊಡಗಿದಳು.